ಸಕಲೇಶಪುರದ ಒಂದು .315 ರೈಫಲ್: ಬೆಲೆ ಕಟ್ಟಿದ ಬಗೆ

ಒಂದೇ ರೈಫಲ್. ಮಾರುವವರ ಕಡೆಯವರು ಹೊಸದರ ಒಂದೂವರೆ ಪಟ್ಟು ಕೇಳುತ್ತಿದ್ದರು. ಕೊಳ್ಳುವ ಹುಡುಗ ಹೊಸದರ ಮೂರನೇ ಒಂದು ಪಾಲು ಕೊಡ್ತೀನಿ ಅನ್ನುತ್ತಿದ್ದ. ಇಬ್ಬರೂ ಮರ್ಯಾದಸ್ಥರೇ, ಮೋಸ ಮಾಡುವ ಪೈಕಿ ಅಲ್ಲ. ಆದರೆ ಇಬ್ಬರ ಲೆಕ್ಕವೂ ತಪ್ಪಾಗಿತ್ತು. ನಡುವೆ ಸಿಕ್ಕಿಕೊಂಡಿದ್ದವರು ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳೂ ಆಗದ ಒಬ್ಬ ಹೆಂಗಸು. ಆ ವ್ಯವಹಾರ ಹೇಗೆ ಬಗೆಹರಿಯಿತು ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ನಮ್ಮ ಮಲೆನಾಡಿನಲ್ಲಿ ಇಂಥ ಕೋವಿಗಳು ಬಹಳ ಮನೆಯಲ್ಲಿವೆ. ಇಂಥ ದಿನ ಆ ಮನೆಗಳಿಗೂ ಬರುತ್ತದೆ.

ನಾನು ಸೇನೆಯಲ್ಲಿ 22 ವರ್ಷ ಆರ್ಮರರ್ ಆಗಿದ್ದವನು. ಅಂದರೆ ರೈಫಲ್ ಬಿಚ್ಚಿ, ನೋಡಿ, ಸರಿ ಮಾಡುವ ಕೆಲಸ. ಈಗ ಸಕಲೇಶಪುರದ ಹತ್ತಿರ ಎರಡು ಎಕರೆ ಕಾಫಿ ನೋಡಿಕೊಂಡಿದ್ದೇನೆ. ಕೋವಿ ರಿಪೇರಿ ಮಾಡುವುದಿಲ್ಲ, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಯಾರಾದರೂ ಕರೆದರೆ ಅಂಗಡಿಗೋ ಅವರ ಮನೆಗೋ ಹೋಗಿ ನೋಡಿ ಹೇಳುತ್ತೇನೆ, ಅಷ್ಟೇ. ಈ ರೈಫಲ್ಲಿನ ಯಜಮಾನರನ್ನು ನಾನು ಅಣ್ಣ ಅನ್ನುತ್ತಿದ್ದೆ. ಹಾಗಾಗಿ ಇಲ್ಲಿ ಅವರ ಹೆಂಡತಿಯನ್ನು ಅತ್ತಿಗೆ ಅಂತಲೇ ಕರೆಯುತ್ತೇನೆ.

ಅಣ್ಣ ಆ ರೈಫಲ್ ಕೊಂಡದ್ದು 1988ರಲ್ಲಿ. ಕೋಲ್ಕತ್ತಾ ಹತ್ತಿರದ ಇಶಾಪುರ ಕಾರ್ಖಾನೆಯ .315, ಬೋಲ್ಟ್ ಎಳೆದು ಹೊಡೆಯುವ ಜಾತಿಯದು. ಬೋಲ್ಟ್ ಅಂದರೆ ತೋಟಾವನ್ನು ಗೂಡಿಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು. ಎನ್‌ಸಿಸಿಯಲ್ಲಿ .303 ಹಿಡಿದವರಿಗೆ ಇದನ್ನು ನೋಡಿದ ತಕ್ಷಣ ಗುರುತು ಸಿಗುತ್ತದೆ. ಮೈಕಟ್ಟು ಹೆಚ್ಚುಕಡಿಮೆ ಅದೇ. .303 ಸೇನೆಯ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಆದ್ದರಿಂದ ಜನಸಾಮಾನ್ಯರಿಗೆ ಲೈಸೆನ್ಸ್ ಸಿಗುವುದಿಲ್ಲ. ಅದಕ್ಕೇ ಅದೇ ಬಗೆಯ ಯಂತ್ರದ ಮೇಲೆ .315 ಮಾಡಿ ಮಾರುತ್ತಾ ಬಂದಿದ್ದಾರೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಜೋಡು ನಳಿಗೆ ಕೋವಿ ಜಾಸ್ತಿ, ರೈಫಲ್ ಕಡಿಮೆ. ರೈಫಲ್ ಇದ್ದ ಮನೆಯಲ್ಲಿ ಅದು ಬಹುಮಟ್ಟಿಗೆ ಇದೇ .315.

2024ರ ಲೋಕಸಭೆ ಚುನಾವಣೆಗೆ ಎಲ್ಲರ ಹಾಗೆ ಅಣ್ಣನೂ ಕೋವಿಯನ್ನು ಠಾಣೆಗೆ ಒಪ್ಪಿಸಿದ್ದರು. ಮಾರ್ಚ್‌ನಲ್ಲಿ ಕೊಟ್ಟದ್ದು ಜೂನ್‌ನಲ್ಲಿ ವಾಪಸ್ ಬಂತು. ಅಷ್ಟರಲ್ಲಿ ಅವರಿಗೆ ಹುಷಾರಿರಲಿಲ್ಲ. ರೈಫಲ್ ಕ್ಯಾನ್ವಾಸ್ ಕವರಿನೊಳಗೇ ಬೀರು ಸೇರಿತು. ಆ ಮಳೆಗಾಲವಿಡೀ ಯಾರೂ ತೆಗೆಯಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಅಣ್ಣ ಹೋಗಿಬಿಟ್ಟರು.

ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಕೋವಿ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ಮಗ ಬೆಂಗಳೂರಿನಿಂದ ಬಂದವನು ತಿಥಿಗೂ ಮೊದಲೇ ಅಂಗಡಿಗೆ ಕೊಟ್ಟು ರಸೀದಿ ತಂದ. ಒಳ್ಳೆ ಕೆಲಸ ಮಾಡಿದ. ಆದರೆ ಅಂಗಡಿಯಲ್ಲಿ ಇಟ್ಟದ್ದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಬೇಕಿದ್ದರೆ ಅವನೇ ವಾರಸುದಾರನಾಗಿ ಲೈಸೆನ್ಸ್‌ಗೆ ಅರ್ಜಿ ಹಾಕಬಹುದಿತ್ತು. ಹಾಗೆ ನೋಡಿದರೆ ಅಣ್ಣ ಬದುಕಿದ್ದಾಗಲೇ ಇದನ್ನು ಮುಗಿಸಬಹುದಿತ್ತು. 70 ವರ್ಷ ದಾಟಿದವರು, ಇಲ್ಲವೇ ಕೋವಿಯನ್ನು 25 ವರ್ಷ ಇಟ್ಟುಕೊಂಡವರು, ಮಕ್ಕಳ ಹೆಸರಿಗೆ ಮಾಡಿಕೊಡಿ ಅಂತ ಕೇಳುವುದಕ್ಕೆ 2016ರ ನಿಯಮದಲ್ಲೇ ಅವಕಾಶವಿದೆ. ಅಣ್ಣನಿಗೆ ಎರಡೂ ಆಗಿತ್ತು. ಆದರೆ ಮಗನಿಗೆ ಕೋವಿ ಬೇಡ. ಅಪಾರ್ಟ್‌ಮೆಂಟಿನಲ್ಲಿ ರೈಫಲ್ ಇಟ್ಟುಕೊಂಡು ಅವನೇನು ಮಾಡಬೇಕು?

ಹಾಗಾಗಿ ಮಾರುವುದು ಅಂತಾಯ್ತು. ಅತ್ತಿಗೆಯ ತಮ್ಮ ಬೆಲೆ ಹೇಳಿದ, ಹೊಸದರ ಒಂದೂವರೆ ಪಟ್ಟು. ಮೂಡಿಗೆರೆ ಕಡೆಯ ಒಬ್ಬ ಯುವ ಬೆಳೆಗಾರ ಮುಂದೆ ಬಂದ. ಅವನು ಹೇಳಿದ್ದು ಮೂರನೇ ಒಂದು ಪಾಲು. ಮಾತು ಬೆಳೆದು ಮುಖ ಕೆಡುವ ಹಂತಕ್ಕೆ ಬಂದಾಗ ಅತ್ತಿಗೆ ನನಗೆ ಫೋನ್ ಮಾಡಿದರು. “ನನಗೆ ಜಾಸ್ತಿ ಬೇಡ. ಆದ್ರೆ ಅವರ ವಸ್ತು ಗುಜರಿಗೆ ಹಾಕಿದ ಹಾಗೆ ಹೋಗಬಾರದು. ನೀವು ನೋಡಿ ಹೇಳಿ, ನೀವು ಹೇಳಿದ್ದಕ್ಕೆ ನಾನು ಸೈ” ಅಂದರು.

ಮೊದಲು ಇಬ್ಬರ ಲೆಕ್ಕವೂ ಎಲ್ಲಿಂದ ಬಂತು ಅಂತ ಕೇಳಿ ತಿಳಿದುಕೊಂಡೆ.

ಅತ್ತಿಗೆಯ ತಮ್ಮ ಯಾರದೋ ಮನೆಯ ಬ್ರನೋ .22 ರೈಫಲ್ ಭಾರಿ ಬೆಲೆಗೆ ಹೋದದ್ದನ್ನು ಕೇಳಿದ್ದ. ಅದು ನಿಜವೇ ಇರಬಹುದು. ಬ್ರನೋ ಝೆಕ್ ದೇಶದ ಮಾಲು. 1980ರ ದಶಕದ ಮಧ್ಯದಿಂದ ಜನಸಾಮಾನ್ಯರಿಗೆ ಹೊರದೇಶದ ಕೋವಿ ತರಿಸುವ ದಾರಿ ಮುಚ್ಚಿದೆ. ಅದಕ್ಕೂ ಮೊದಲು ಬಂದ ಬ್ರನೋ, ವಿಂಚೆಸ್ಟರ್, ವೆಬ್ಲಿ ಸ್ಕಾಟ್ ಇವೆಲ್ಲ ಇದ್ದಷ್ಟೇ. ಹೊಸದು ಸಿಗಲ್ಲ. ಅದಕ್ಕೇ ಅವಕ್ಕೆ ಆ ಬೆಲೆ. ಆದರೆ ಇಶಾಪುರದ .315 ಹಾಗಲ್ಲ. ಹೊಸದೇ ಸಿಗುವ ವಸ್ತುವಿಗೆ ಹಳೆಯದರಲ್ಲಿ ಯಾರೂ ಹೆಚ್ಚು ಕೊಡುವುದಿಲ್ಲ. “ಈ ರೈಫಲ್ಲಿಗೆ ಮೇಲಿನ ಮಿತಿ ಹೊಸದರ ಬೆಲೆ. ಅದರ ಮೇಲೆ ಒಂದು ರೂಪಾಯಿ ಕೇಳಿದರೂ ನ್ಯಾಯ ಅಲ್ಲ” ಅಂತ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಬೇಜಾರು ಮಾಡಿಕೊಂಡ, ಆಮೇಲೆ ಒಪ್ಪಿದ.

ಮೂಡಿಗೆರೆ ಹುಡುಗನ ಲೆಕ್ಕ ಬೇರೆ. “ಅಂಕಲ್, ಇದನ್ನ ಕೊಳ್ಳೋರು ಇನ್ಯಾರಿದಾರೆ ಹೇಳಿ?” ಅಂದ. ಇದರಲ್ಲೂ ಸತ್ಯವಿತ್ತು. ಹಳೇ ಜೀಪ್ ಆದರೆ ನಾಳೆ ಬೆಳಿಗ್ಗೆ ಹತ್ತು ಜನ ಬಂದು ನೋಡುತ್ತಾರೆ. ರೈಫಲ್ಲಿಗೆ ಹಾಗಿಲ್ಲ. ಕೊಳ್ಳುವವನಿಗೆ ಲೈಸೆನ್ಸ್ ಬೇಕು, ಅದರಲ್ಲಿ ಆ ಬೋರ್‌ಗೆ ಅನುಮತಿ ಇರಬೇಕು, ಜಾಗವೂ ಖಾಲಿ ಇರಬೇಕು. 2019ರ ತಿದ್ದುಪಡಿಯ ಮೊದಲು ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಎಷ್ಟೋ ಜನ ಮೂರನೆಯದನ್ನು ಬಿಡಬೇಕಾಯ್ತು. ಕೊಳ್ಳುವ ಜನ ಕಡಿಮೆಯಾದರು, ಮಾರುವವರು ಹೆಚ್ಚಾದರು. ಇಷ್ಟೆಲ್ಲ ಸರಿ. ಆದರೆ ಅವನ ಮೂರನೇ ಒಂದು ಪಾಲಿನೊಳಗೆ ಇನ್ನೊಂದು ಮಾತೂ ಅಡಗಿತ್ತು. ಅಮ್ಮನಿಗೆ ಅರ್ಜೆಂಟಿದೆ, ಬಾಡಿಗೆ ಏರುತ್ತಿದೆ, ಇವತ್ತಲ್ಲ ನಾಳೆ ಇಳಿಯುತ್ತಾರೆ ಅನ್ನುವ ಮಾತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನೇ ಹೇಳಿದೆ. “ಕೊಳ್ಳೋರು ಕಡಿಮೆ ಇದಾರೆ ಅಂತ ಬೆಲೆ ಇಳಿಸು, ಒಪ್ತೀನಿ. ಗಂಡ ಸತ್ತಿದಾರೆ ಅಂತ ಇಳಿಸಬೇಡ.” ಅವನು ತಲೆ ತಗ್ಗಿಸಿದ. ಈ ಎರಡನ್ನು ಬೇರೆ ಮಾಡದೆ ನ್ಯಾಯವಾದ ಬೆಲೆ ಕಟ್ಟಲು ಆಗುವುದಿಲ್ಲ ಅಂತ ನಾನು ನಂಬಿದ್ದೇನೆ.

ಲೆಕ್ಕಕ್ಕೆ ಒಂದು ದಾರಿ ಮಾಡಿಕೊಂಡೆವು. ಇದೇ ಮಾದರಿಯ ಹೊಸ ರೈಫಲ್, ತೆರಿಗೆ, ಓಡಾಟ ಎಲ್ಲ ಸೇರಿ ಕೈಗೆ ಬರುವಷ್ಟರಲ್ಲಿ ಆಗುವ ಖರ್ಚನ್ನು 100 ಪಾಲು ಅಂತ ಇಟ್ಟೆವು. ಇಲ್ಲೂ ಪಾಲಿನಲ್ಲೇ ಬರೆಯುತ್ತೇನೆ. ಕಾರ್ಖಾನೆಯ ರೇಟು ಆಗಾಗ ಬದಲಾಗುತ್ತದೆ. ನೀವು ಓದುವ ದಿನದ ರೇಟನ್ನು 100ರ ಜಾಗದಲ್ಲಿ ಇಟ್ಟುಕೊಂಡರೆ ಲೆಕ್ಕ ಆಗಲೂ ನಡೆಯುತ್ತದೆ.

ಎರಡನೇ ಕೈಗೆ ಬಂದ ವಸ್ತು ಅನ್ನುವುದಕ್ಕೆ, ಕೊಳ್ಳುವವರು ಕಡಿಮೆ ಅನ್ನುವುದಕ್ಕೆ, ಎರಡೂ ಸೇರಿ 25 ಪಾಲು ಮೊದಲೇ ತೆಗೆದೆ. ಇದು ನನ್ನ ಅಂದಾಜು. ಇನ್ನೊಬ್ಬರು 20 ಅನ್ನಬಹುದು, 30 ಅನ್ನಬಹುದು. ಉಳಿದದ್ದು 75. ಅಂದರೆ ಯಾವ ದೋಷವೂ ಇಲ್ಲದಿದ್ದರೆ 75. ಇನ್ನು ರೈಫಲ್ಲೇ ಮಾತಾಡಬೇಕು.

ಅಂಗಡಿಗೆ ನಾಲ್ಕೂ ಜನ ಹೋದೆವು. ಅಂಗಡಿಯವರು ರೈಫಲ್ ತಂದು ಮೇಜಿನ ಮೇಲಿಟ್ಟರು. ಟ್ರಿಗರ್ ಗಾರ್ಡಿಗೆ ಚುನಾವಣೆ ಸಮಯದ ರಟ್ಟಿನ ಚೀಟಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು. ಮರದ ಮೇಲೆ ಆಯುಧ ಪೂಜೆಯ ಕುಂಕುಮ. ಮೂವತ್ತೈದು ವರ್ಷ ಒಂದೇ ಜಾಗಕ್ಕೆ ಇಟ್ಟೂ ಇಟ್ಟೂ ಅದು ಮರದ ಗೆರೆಗಳೊಳಗೆ ಇಳಿದು ಕಂದುಬಣ್ಣವಾಗಿತ್ತು. ಅತ್ತಿಗೆ ಅದರ ಮೇಲೆ ಒಮ್ಮೆ ಬೆರಳಾಡಿಸಿ ಹಿಂದೆ ಸರಿದು ಕೂತರು.

ತೋಟಾ ತುಂಬುವ ಮ್ಯಾಗಜೀನ್ ತೆಗೆದೆ. ಬೋಲ್ಟ್ ಎಳೆದೆ. ತೋಟಾ ಕೂರುವ ಗೂಡನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿದೆ. ಖಾಲಿ. ಅಂಗಡಿಯವರು ಆಗಲೇ ನೋಡಿದ್ದರು, ಆದರೂ ನೋಡಬೇಕು. ಬೋಲ್ಟ್ ಹೊರಗೆ ತೆಗೆದು ಅದರ ಮೇಲಿನ ನಂಬರು, ಬಾಡಿಯ ನಂಬರು, ಲೈಸೆನ್ಸಿನಲ್ಲಿ ಬರೆದ ನಂಬರು ಮೂರನ್ನೂ ತಾಳೆ ನೋಡಿದೆ. ಮೂರೂ ಒಂದೇ. ಬೋಲ್ಟ್ ಬೇರೆ ರೈಫಲ್ಲಿನದಾಗಿದ್ದರೆ ಈಡು ಸಿಡಿದಾಗ ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವ ಭಯ ಇರುತ್ತದೆ. ಲೈಸೆನ್ಸಿನ ನಂಬರು ತಪ್ಪಿದ್ದರಂತೂ ಬೆಲೆಯ ಮಾತೇ ಇಲ್ಲ, ಎದ್ದು ಬರಬೇಕು.

ಆಮೇಲೆ ನಳಿಗೆ. ಬೋಲ್ಟಿನ ಜಾಗದಲ್ಲಿ ಬಿಳಿ ಕಾಗದ ಹಿಡಿದು, ಅದರ ಬೆಳಕಿನಲ್ಲಿ ಬಾಯಿಯ ಕಡೆಯಿಂದ ನೋಡಿದೆ. ಒಳ್ಳೆ ನಳಿಗೆಯಲ್ಲಿ ಸುರುಳಿ ಗೆರೆಗಳು ಕನ್ನಡಿಯ ಹಾಗೆ ಹೊಳೆಯಬೇಕು, ಅವುಗಳ ಅಂಚು ಚೂಪಾಗಿರಬೇಕು. ಇಲ್ಲಿ ಹಿಂದಿನ ಅರ್ಧ ಚೆನ್ನಾಗಿತ್ತು. ಬಾಯಿಯ ಹತ್ತಿರ ಒಂದು ಗೇಣಿನಷ್ಟು ಉದ್ದ ಕಪ್ಪು. ನನ್ನ ಎದೆ ಧಸಕ್ಕೆಂದಿತು. ಚೀಟಿಯಲ್ಲಿ “ನಳಿಗೆ: 15 ಪಾಲು ಕಡಿತ” ಅಂತ ಬರೆದೆ. ಹುಡುಗನ ಮುಖ ಅರಳಿತು. ಅತ್ತಿಗೆ ಏನೂ ಅನ್ನಲಿಲ್ಲ.

ಆದರೆ ನನಗೆ ಒಂದು ಅನುಮಾನ. ಈ ಸವೆತ ಎಲ್ಲಿಂದ ಬಂತು? ಅಣ್ಣ ಅಷ್ಟು ಹೊಡೆದವರೇ ಅಲ್ಲ. ಅತ್ತಿಗೆಯ ಚೀಲದಲ್ಲಿ ಹಳೇ ಲೈಸೆನ್ಸ್ ಪುಸ್ತಕಗಳೂ ಇದ್ದವು. ತೋಟಾ ಕೊಂಡಾಗಲೆಲ್ಲ ಅಂಗಡಿಯವರು ಅದರಲ್ಲಿ ಬರೆದು ಸೀಲ್ ಹಾಕುತ್ತಾರೆ. ಮೊದಲ ಪುಟದಿಂದ ಕೂಡುತ್ತಾ ಬಂದೆ. 1988ರಿಂದ ಕೊಂಡದ್ದು ಒಟ್ಟು 170. ಡಬ್ಬಿಯಲ್ಲಿ ಉಳಿದದ್ದು 22. ಅಂದರೆ ಈ ನಳಿಗೆ ತನ್ನ ಇಡೀ ಆಯುಷ್ಯದಲ್ಲಿ ಹೆಚ್ಚೆಂದರೆ 148 ಈಡು ಕಂಡಿದೆ. ಇಂಥ ರೈಫಲ್ಲಿನ ನಳಿಗೆ ಸಾವಿರಾರು ಈಡು ತಡೆಯುತ್ತದೆ. ಗುಂಡಿನಿಂದ ಇದಕ್ಕೆ ಸವೆತ ಆಗಿಯೇ ಇಲ್ಲ. ಹಾಳು ಮಾಡಿದ್ದು ಗುಂಡಲ್ಲ, ಮಳೆ.

ಹಳೆ ರೈಫಲ್ ನೋಡುವ ಯಾರಿಗಾದರೂ ನಾನು ಹೇಳುವ ಮೊದಲ ಮಾತು ಇದೇ. ಲೈಸೆನ್ಸಿನ ಹಳೇ ಪುಸ್ತಕ ಬಿಸಾಡಬೇಡಿ. ಸೆಕೆಂಡ್ ಹ್ಯಾಂಡ್ ಕಾರಿನ ಮೀಟರನ್ನು ಯಾರಾದರೂ ತಿರುಗಿಸಿರಬಹುದು. ಅಂಗಡಿಯ ಸೀಲ್ ಬಿದ್ದ ಆ ಪುಟಗಳನ್ನು ಹಾಗೆ ತಿದ್ದುವುದು ಸುಲಭವಲ್ಲ.

ಅಂಗಡಿಯವರಿಗೆ ರಿಪೇರಿ ಲೈಸೆನ್ಸೂ ಇತ್ತು. ಚೆನ್ನಾಗಿ ತೊಳೆದು ಇಡಿ, ಮೂರು ದಿನ ಬಿಟ್ಟು ಬರುತ್ತೇವೆ ಅಂದೆ. ನಾಲ್ಕನೇ ದಿನ ಮತ್ತೆ ಕೂತು ಅದೇ ಬಿಳಿ ಕಾಗದ ಹಿಡಿದೆ. ಕಪ್ಪಿನಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಅದು ಹಳೇ ಎಣ್ಣೆ ಒಣಗಿ ಗೋಂದಿನ ಹಾಗೆ ಹಿಡಿದಿದ್ದ ಕೊಳೆ, ಅದರ ಜೊತೆ ಮೇಲುಮೇಲಿನ ತುಕ್ಕು. ನಿಜವಾದ ಗುಳಿಗಳು ಬಾಯಿಂದ ಮೂರು ಅಂಗುಲದೊಳಗೆ, ಸಾಸಿವೆಗಿಂತ ಚಿಕ್ಕವು, ಆಳವೂ ಇಲ್ಲ. ಬಾಯಿಯ ಅಂಚು, ಅಂದರೆ ಗುಂಡು ಕೊನೆಗೆ ಬಿಟ್ಟುಹೋಗುವ ಜಾಗ, ಸುತ್ತಲೂ ಸರಿಯಾಗಿತ್ತು. ಗುರಿಗೆ ಅದೇ ಮುಖ್ಯ. ಹಿಂದಿನ ಚೀಟಿ ಹರಿದು 15ರ ಜಾಗದಲ್ಲಿ 6 ಬರೆದೆ. ಕೊಳೆಗೆ ಬೆಲೆ ಇಳಿಸಿದ್ದು ನನ್ನ ತಪ್ಪು ಅಂತ ಎಲ್ಲರ ಮುಂದೆಯೇ ಹೇಳಿದೆ. ಹೊಡೆದು ನೋಡುವ ಅವಕಾಶ ಇಲ್ಲದಿದ್ದರಿಂದ ಆ 6 ಇರಲಿ ಅಂದೆ. ಇಲ್ಲದಿದ್ದರೆ 4 ಸಾಕಿತ್ತು.

ಉಳಿದ ಎರಡು ದೋಷ ಬೇಗ ಮುಗಿಯಿತು. ಕೈ ಹಿಡಿಯುವ ಜಾಗದಲ್ಲಿ ಮರಕ್ಕೆ ಕೂದಲಿನಷ್ಟು ಬಿರುಕು, 3 ಪಾಲು. ದುರ್ಬೀನು ಕೂರಿಸಲು ಯಾರೋ ಬಾಡಿಯ ಎಡಗಡೆ ಎರಡು ತೂತು ಕೊರೆದಿದ್ದರು, ಒಂದರಲ್ಲಿ ಸ್ಕ್ರೂ ಕೂರುವ ಮರೆ ಸವೆದಿತ್ತು. ಅದಕ್ಕೆ 4. ಹೀಗೆ ಬರೀ ರೈಫಲ್ಲಿಗೆ 62 ಪಾಲು ನಿಂತಿತು.

ಇನ್ನು ಜೊತೆಗಿನ ಸಾಮಾನು. ಜಗಳ ಜಾಸ್ತಿಯಾದದ್ದು ಇಲ್ಲಿಯೇ. ಅತ್ತಿಗೆಯ ತಮ್ಮ ಒಂದೊಂದನ್ನೂ ಕೊಂಡ ಬೆಲೆಗೆ ಕೂಡಿಸಿದ್ದ. ಹುಡುಗ ಎಲ್ಲ ರೈಫಲ್ಲಿನ ಜೊತೆ ಸುಮ್ನೆ ಬರುತ್ತೆ ಅಂದುಕೊಂಡಿದ್ದ.

ಮೇಜಿನ ಮೇಲೆ ಹರವಿದೆವು. ಒಂದು ಹೆಚ್ಚುವರಿ ಮ್ಯಾಗಜೀನ್, ಚರ್ಮದ ಪಟ್ಟಿ, ಫುಲ್‌ತ್ರೂ, ದುರ್ಬೀನು, ಕ್ಯಾನ್ವಾಸ್ ಕವರು, 22 ತೋಟಾ.

ಮ್ಯಾಗಜೀನ್ ಹಾಕಿ ತೆಗೆದು ನೋಡಿದೆ. ಚಟ್ ಅಂತ ಕೂತಿತು, ಸ್ಪ್ರಿಂಗ್ ಗಟ್ಟಿ. ಬೇಕೆಂದಾಗ ಹುಡುಕಿದರೆ ಸಿಗುವ ವಸ್ತು ಅಲ್ಲ ಅದು. 4 ಪಾಲು. ಚರ್ಮದ ಪಟ್ಟಿಗೆ ಅಣ್ಣ ವರ್ಷಾ ವರ್ಷಾ ಎಣ್ಣೆ ಹಾಕಿದ್ದರು, ಬಗ್ಗಿಸಿದರೆ ಬಿರಿಯಲಿಲ್ಲ. ಫುಲ್‌ತ್ರೂ ಅಂದರೆ ತುದಿಗೆ ಹಿತ್ತಾಳೆ ತೂಕ ಕಟ್ಟಿದ ಹಗ್ಗ, ಅದಕ್ಕೆ ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆಯುವುದು. ಸೇನೆಯಲ್ಲಿ ದಿನಾ ಇದೇ ನನ್ನ ಕೈಯಲ್ಲಿರುತ್ತಿತ್ತು. ಎರಡೂ ಸೇರಿ 1 ಪಾಲು.

ದುರ್ಬೀನು ಅಣ್ಣನಿಗೆ ಬಂಧುವೊಬ್ಬರು ದುಬೈಯಿಂದ ತಂದುಕೊಟ್ಟದ್ದು. ಅವರ ಮನೆಯಲ್ಲಿ ಅದೇ ಎಲ್ಲಕ್ಕಿಂತ ದುಬಾರಿ ಸಾಮಾನು ಅನ್ನುವ ಭಾವನೆ ಇತ್ತು. ಕಿಟಕಿ ಕಡೆ ಹಿಡಿದು ನೋಡಿದೆ. ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು. ನಮ್ಮ ಮಳೆಗಾಲದಲ್ಲಿ ಕ್ಯಾಮೆರಾ ಇಟ್ಟವರಿಗೆಲ್ಲ ಈ ಬೂಷ್ಟಿನ ಪರಿಚಯ ಇದೆ. ಗಾಜಿನ ನಡುವೆ ಕೂತ ಮೇಲೆ ಒರೆಸಿದರೆ ಹೋಗದು. ಕೊಳ್ಳುವವನಿಗೆ ಅದರಿಂದ ಉಪಯೋಗವಿಲ್ಲ. ಸೊನ್ನೆ. ಮನೆಯವರೇ ಇಟ್ಟುಕೊಳ್ಳಲಿ ಅಂದೆ. ಮಗಳು ಚಿಕ್ಕವಳಿದ್ದಾಗ, ಇದನ್ನು ರೈಫಲ್ಲಿಗೆ ಕೂರಿಸುವ ಮೊದಲು, ಅಪ್ಪನ ಜೊತೆ ಜಗಲಿಯಲ್ಲಿ ಕೂತು ಮಂಗಟ್ಟೆ ಹಕ್ಕಿ ನೋಡುತ್ತಿದ್ದಳಂತೆ. ಅವಳು ತೆಗೆದುಕೊಂಡಳು.

ತೋಟಾಗಳನ್ನು ಒಂದೊಂದಾಗಿ ಒರೆಸಿ ನೋಡಿದೆ. 22ರಲ್ಲಿ ಎಂಟಕ್ಕೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಅವನ್ನು ಯಾವ ಕಾರಣಕ್ಕೂ ಹೊಡೆಯಬಾರದು. ಅಂಗಡಿಯವರಿಗೇ ಲೆಕ್ಕ ಸಮೇತ ಒಪ್ಪಿಸಿದೆವು. ಉಳಿದ 14ಕ್ಕೆ ಅಂಗಡಿ ರೇಟಿನ ಅರ್ಧ, ರೈಫಲ್ಲಿನ ಪಾಲಿಗೆ ಸೇರಿಸದೆ ಬೇರೆಯೇ. ಅವು ಕೊಳ್ಳುವವನ ಲೈಸೆನ್ಸಿನ ತೋಟಾ ಮಿತಿಯೊಳಗೆ ಬರಬೇಕು, ಬರೆಸಿಯೇ ತೆಗೆದುಕೊಳ್ಳಬೇಕು.

ಕೊನೆಗೆ ಕವರು. ದಪ್ಪ ಕ್ಯಾನ್ವಾಸ್, ಅಂಚಿಗೆ ಚರ್ಮ, ಒಳಗೆ ಮೆತ್ತನೆ ಬಟ್ಟೆ. ನೋಡಲು ಬಹಳ ಚೆಂದ. ಹುಡುಗನಿಗೂ ಅದೇ ಇಷ್ಟವಾಗಿತ್ತು. “ಇದಕ್ಕೆ ಬೇಕಾದ್ರೆ ಸೇರಿಸಿ ಅಂಕಲ್” ಅಂದ. ಒಳಗಿನ ಬಟ್ಟೆ ಹೊರಳಿಸಿ ತೋರಿಸಿದೆ. ನಳಿಗೆಯ ಬಾಯಿ ಕೂರುವ ತುದಿಯಲ್ಲಿ ಬಟ್ಟೆಗೆ ಗುಂಡಗಿನ ತುಕ್ಕಿನ ಕಲೆ. ಮೂಗಿಗೆ ಹಿಡಿದರೆ ಇನ್ನೂ ಮುಗ್ಗಲು ವಾಸನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಟ್ಟೆ ನಮ್ಮ ಸಕಲೇಶಪುರದ ತೇವವನ್ನೆಲ್ಲ ಹೀರಿಕೊಂಡು ನಳಿಗೆಯ ಬಾಯಿಗೆ ಒತ್ತಿ ಹಿಡಿದಿತ್ತು. ಆ ಗುಳಿಗಳು ಬಾಯಿಯ ಹತ್ತಿರವೇ ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲಿತ್ತು. ಎಲ್ಲರೂ ಬೆಲೆಬಾಳುತ್ತೆ ಅಂದುಕೊಂಡ ಆ ಕವರೇ 6 ಪಾಲು ತಿಂದಿತ್ತು. ಅದಕ್ಕೆ ಸೊನ್ನೆ ಬರೆದೆ.

ಒಟ್ಟು 67 ಪಾಲು, ತೋಟಾ ಬೇರೆ.

ಹುಡುಗ ಸ್ವಲ್ಪ ಹೊತ್ತು ಚೀಟಿ ನೋಡುತ್ತಾ ಕೂತ. ಅವನು ಹೇಳಿದ್ದಕ್ಕೆ ಇದು ಸರಿಯಾಗಿ ಎರಡು ಪಟ್ಟು. “ಅರವತ್ತೈದು ಮಾಡಿ, ಅಂಗಡಿ ಬಾಡಿಗೆ ಇಲ್ಲೀವರೆಗಿಂದೂ ಮುಂದಿಂದೂ ನಾನೇ ಕಟ್ತೀನಿ” ಅಂದ. ಅತ್ತಿಗೆ ನನ್ನ ಕಡೆ ನೋಡಿದರು. ಬಾಡಿಗೆ ಹಿಡಿದರೆ ಅದು 67ಕ್ಕೆ ಹತ್ತಿರವೇ ಬರುತ್ತಿತ್ತು. ಆಗಬಹುದು ಅಂದೆ. ಅತ್ತಿಗೆಯ ತಮ್ಮ, ಒಂದೂವರೆ ಪಟ್ಟು ಅಂದವನೇ, ಎದ್ದು ಹೋಗಿ ಎಲ್ಲರಿಗೂ ಕಾಫಿ ಹೇಳಿ ಬಂದ.

ದುಡ್ಡು ಆವತ್ತೇ ಕೈ ಬದಲಾಗಲಿಲ್ಲ, ಆಗಲೂಬಾರದು. ಇಂಥವರಿಗೆ ಮಾರುತ್ತಿದ್ದೇವೆ ಅಂತ ಕೊಳ್ಳುವವರ ಹೆಸರು ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದುಕೊಟ್ಟು, 45 ದಿನ ಕಳೆಯಬೇಕು. ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ಇದು ಸ್ಪಷ್ಟವಾಗಿದೆ. ನಾವು ಎರಡೂ ಕಡೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಮೂಡಿಗೆರೆ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರಿಂದ ಹುಡುಗ ಅಲ್ಲಿನ ಡಿಸಿ ಕಚೇರಿಯಲ್ಲಿ ಎರಡನೇ ಕೋವಿಗೆ ಅನುಮತಿ ಪಡೆದ ಪತ್ರದ ಪ್ರತಿಯನ್ನೂ ಜೊತೆಗಿಟ್ಟೆವು. ಅವನ ಲೈಸೆನ್ಸಿನ ಯುಐಎನ್ ನಂಬರನ್ನು, ಅಂದರೆ ಸರ್ಕಾರದ ಪಟ್ಟಿಯಲ್ಲಿರುವ ಗುರುತಿನ ಸಂಖ್ಯೆಯನ್ನು, ಅಂಗಡಿಯವರು ತಾಳೆ ನೋಡಿದರು. ಪಾಲುಗಳ ಚೀಟಿಗೂ ಇಬ್ಬರ ಸಹಿ ಹಾಕಿಸಿ ಒಂದೊಂದು ಪ್ರತಿ ಕೊಟ್ಟೆ. 45 ದಿನ ಸಣ್ಣ ಅವಧಿ ಅಲ್ಲ. ಯಾರಾದರೂ ಬಂದು ಇಷ್ಟಕ್ಕೆ ಯಾಕೆ ಕೊಟ್ಟಿರಿ, ಇಷ್ಟು ಯಾಕೆ ಕೊಟ್ಟಿರಿ ಅಂತ ತಲೆ ಕೆಡಿಸುತ್ತಾರೆ. ಆಗ ನೋಡಿಕೊಳ್ಳಲು ಒಂದು ಕಾಗದ ಇರಬೇಕು.

ಏಪ್ರಿಲ್‌ನಲ್ಲಿ ರೈಫಲ್ ಅವನ ಲೈಸೆನ್ಸಿಗೆ ಏರಿತು. ಹಣ ಅತ್ತಿಗೆಯ ಖಾತೆಗೆ ಬಂತು. ಅಂಗಡಿಯವರು ರಟ್ಟಿನ ಚೀಟಿಯ ದಾರ ಕತ್ತರಿಸಿದರು. ಕುಂಕುಮದ ಕಲೆ ತೆಗೆದು ಮರಕ್ಕೆ ಪಾಲಿಶ್ ಮಾಡಿಕೊಡಲಾ ಅಂತ ಕೇಳಿದಾಗ ಹುಡುಗ ಬೇಡ ಅಂದ.

ಜೂನ್‌ನಲ್ಲಿ ಮಳೆ ಹಿಡಿದ ಮೂರನೇ ದಿನ ಅವನದೇ ಫೋನ್. “ಅಂಕಲ್, ಈ ಕವರ್ ಬಿಸಾಡೋಕೆ ಮನಸ್ಸು ಬರ್ತಿಲ್ಲ. ಏನ್ ಮಾಡ್ಲಿ?” ಕವರನ್ನು ಅಡುಗೆಮನೆ ಅಟ್ಟದ ಮೇಲೆ ಒಲೆಯ ಕಾವಿಗೆ ಹಾಕು, ರೈಫಲ್ಲಿಗೆ ತೆಳ್ಳಗೆ ಎಣ್ಣೆ ಸವರಿ ಬರಿಮೈಯಲ್ಲೇ ಬೀರುವಿನಲ್ಲಿ ನಿಲ್ಲಿಸಿ ಬೀಗ ಹಾಕು, ಹದಿನೈದು ದಿನಕ್ಕೊಮ್ಮೆ ಫುಲ್‌ತ್ರೂ ಎಳೆ, ಚಿಂದಿ ಕೆಂಪಗೆ ಬಂದರೆ ನನಗೆ ಹೇಳು ಅಂದೆ. ಆಗಸ್ಟ್ ಕೊನೆಯವರೆಗೆ ನಾಲ್ಕು ಸಲ ಚಿಂದಿಯ ಫೋಟೋ ಕಳಿಸಿದ. ನಾಲ್ಕೂ ಬೆಳ್ಳಗಿದ್ದವು.